ರಾಣೆಬೆನ್ನೂರಿಗೆ ಹೊರಟ ದೊಡ್ಡಪತ್ರೆ

ಆ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಪಕ್ಕದ ಮನೆಯ ಸಿದ್ದವ್ವ ಕೆಮ್ಮದೇ ಇದ್ದಿದ್ದರೆ ಮೈಲಾರೆಪ್ಪನ ಕತೆಯೇ ಬೇರೆ ಆಗುತ್ತಿತ್ತು.

ಕೆಮ್ಮಿದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ ಬಿಡಿ. ೧೯೮೭ರ ಜನವರಿ ತಿಂಗಳು, ಬ್ಯಾಡಗಿಯ ಪೇಟೆಗೆ ಹೊಸ ಮೆಣಸಿನಕಾಯಿ ಬಂದು ಬೀಳುವ ಕಾಲ. ಆಗ ಊರಿನ ಗಾಳಿಗೇ ಘಾಟು ಹತ್ತಿರುತ್ತದೆ. ಪರವೂರಿನವರು ಬಸ್ಸಿನಿಂದ ಇಳಿದ ಕೂಡಲೇ ಸೀನುತ್ತಾರೆ. ಊರಿನವರು ಸೀನುವ ಹಂತವನ್ನು ಎಂದೋ ದಾಟಿರುವುದರಿಂದ ನೇರವಾಗಿ ಕೆಮ್ಮುತ್ತಾರೆ. ಇಂಥ ಊರಿನಲ್ಲಿ ದೊಡ್ಡಪತ್ರೆಯ ಎಲೆಗೆ ಇರುವ ಮರ್ಯಾದೆ ಮುನ್ಸಿಪಾಲಿಟಿ ಅಧ್ಯಕ್ಷರಿಗೂ ಇಲ್ಲ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ಹಿಂಡಿ, ಆ ರಸಕ್ಕೆ ಜೇನು ಬೆರೆಸಿ ಮಕ್ಕಳಿಗೆ ನೆಕ್ಕಿಸುತ್ತಾರೆ. ದೊಡ್ಡವರು ಒಂದು ಹರಳು ಉಪ್ಪಿನ ಜೊತೆ ಹಸಿಯಾಗಿಯೇ ಅಗಿದು ನುಂಗುತ್ತಾರೆ.

ಊರಿನಲ್ಲೇ ಎದ್ದು ಕಾಣುವಂಥ ದೊಡ್ಡಪತ್ರೆ ಮೈಲಾರೆಪ್ಪನ ಹಿತ್ತಲಿನಲ್ಲಿತ್ತು. ಮೈಲಾರೆಪ್ಪ ಒಂದು ದಲಾಲಿ ಅಂಗಡಿಯ ಗುಮಾಸ್ತ. ಎರಡು ವರ್ಷದ ಹಿಂದೆ ಹೆಂಡತಿ ಮಂಗಳವ್ವ ತವರುಮನೆ ಕರ್ಜಗಿಯಿಂದ ಒಂದು ಗೇಣು ಕಡ್ಡಿ ತಂದಿದ್ದಳು. ಅವನು ಖಾಲಿ ಎಣ್ಣೆ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಕೆಂಪು ಮಣ್ಣು, ಕಳಿತ ಸಗಣಿ ಗೊಬ್ಬರ ತುಂಬಿ ಅದನ್ನು ನೆಟ್ಟ. ದಿನಾ ಅಕ್ಕಿ ತೊಳೆದ ನೀರು ಹಾಕಿದ. ಅಂಗಡಿಯಿಂದ ಬಂದವನೇ, ತನ್ನ ಮುಖ ತೊಳೆಯುವ ಮೊದಲು, ಒದ್ದೆ ಬಟ್ಟೆಯಿಂದ ಗಿಡದ ಎಲೆಗಳ ಮೇಲಿನ ಮೆಣಸಿನ ಧೂಳು ಒರೆಸಿದ. ಗಿಡ ಮದುವೆ ಗೊತ್ತಾದ ಹುಡುಗಿಯಂತೆ ಮೈತುಂಬಿಕೊಂಡಿತು.

ಆದರೆ ಕಡ್ಡಿಯ ಜೊತೆ ಕರ್ಜಗಿಯಿಂದ ಒಂದು ಕಟ್ಟಳೆಯೂ ಬಂದಿತ್ತು. ಮದ್ದಿಗೆಂದು ಕೇಳಿದವರಿಗೆ ಇಲ್ಲ ಎನ್ನಬಾರದು, ಕೊಟ್ಟದ್ದನ್ನು ಮರಳಿ ಕೇಳಬಾರದು. ಮೀರಿದರೆ ಗಿಡದ ಗುಣ ಹೋಗುತ್ತದೆ. ಇದು ಮೈಲಾರೆಪ್ಪನ ಅತ್ತೆಯ ಮಾತು, ಮಂಗಳವ್ವನ ಪಾಲಿಗೆ ಕಾಯಿದೆ.

ಅಂದು ಆ ಗಿಡ ರಾಣೆಬೆನ್ನೂರಿನ ಫಲಪುಷ್ಪ ಪ್ರದರ್ಶನಕ್ಕೆ ಹೊರಟಿತ್ತು. ಆ ವರ್ಷ ಹೊಸದಾಗಿ ಔಷಧಿ ಗಿಡಗಳಿಗೂ ಒಂದು ಬಹುಮಾನದ ಕಪ್ಪು ಇಟ್ಟಿದ್ದರು. ಮೈಲಾರೆಪ್ಪನಿಗೆ ಆ ಕಪ್ಪು ಬೇಕೇ ಬೇಕಾಗಿತ್ತು, ಲಕ್ಷ್ಮಪ್ಪನ ಸಲುವಾಗಿ.

ಲಕ್ಷ್ಮಪ್ಪನೆಂದರೆ ಅವನ ಷಡ್ಡಕ, ಮಂಗಳವ್ವನ ತಂಗಿ ಗುತ್ತೆವ್ವನ ಗಂಡ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಸೂಪರ್‌ವೈಜರ್. ಅವನ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟು, ಕಪಾಟಿನ ತುಂಬ ಕಪ್ಪುಗಳು. ಗುಲಾಬಿಗೊಂದು, ಬದನೆಕಾಯಿಗೊಂದು, ಡೇರೆ ಹೂವಿಗೊಂದು. ಮೈಲಾರೆಪ್ಪ ಹೋದಾಗಲೆಲ್ಲ ಚಹಾಕ್ಕಿಂತ ಮೊದಲು ಕಪಾಟಿನ ಬಾಗಿಲು ತೆರೆಯುತ್ತಿತ್ತು. ಹತ್ತು ವರ್ಷದಿಂದ "ಛಲೋ ಐತಿ ತಮ್ಮಾ, ಭಾಳ ಛಲೋ ಐತಿ" ಎಂದು ಹೇಳಿ ಹೇಳಿ ಅವನ ದವಡೆ ಸೋತುಹೋಗಿತ್ತು. ಒಮ್ಮೆ, ಜೀವಮಾನದಲ್ಲಿ ಒಂದೇ ಒಂದು ಸಲ, ತಾನು ಮೇಲೆ ನಿಂತು ಕಪ್ಪು ಇಸಿದುಕೊಳ್ಳಬೇಕು, ಲಕ್ಷ್ಮಪ್ಪ ಕೆಳಗೆ ನಿಂತು ಚಪ್ಪಾಳೆ ತಟ್ಟಬೇಕು. ಮೈಲಾರೆಪ್ಪ ದೇವರಲ್ಲಿ ಇಷ್ಟನ್ನೇ ಬೇಡುತ್ತಿದ್ದ. ಹಿಂದಿನ ಸಂಜೆ ಅವನು ಗಿಡದ ಎಲೆಗಳನ್ನು ಎಣಿಸಿಯೂ ಇಟ್ಟಿದ್ದ. ನೂರಾ ನಲವತ್ತೆರಡು!

ಹೀಗಿರುವಾಗ ಗೋಡೆಯ ಆಚೆಯಿಂದ ಸಿದ್ದವ್ವನ ಕೆಮ್ಮು ಕೇಳಿತು. ಹಿಂದೆಯೇ ಅವಳ ತಲೆ ಕಾಣಿಸಿತು.

"ಮೈಲಾರೆಪ್ಪಾ, ನನಗೂ ಕೆಮ್ಮು, ಮೊಮ್ಮಗಗೂ ಕೆಮ್ಮು. ಕೂಸಿನ ಎದಿ ಗೊರ ಗೊರ ಅನ್ನಾಕತ್ತೈತಿ. ಒಂದ್ ಹತ್ತ ಎಲಿ ಕೊಡಪಾ."

"ಇವತ್ತೊಂದಿನ ಬ್ಯಾಡ ಸಿದ್ದವ್ವಾ. ಗಿಡ ಪ್ರದರ್ಶನಕ್ಕ ಹೊಂಟೈತಿ. ನಾಳಿ ಬೇಕಾದ್ರ ಇಪ್ಪತ್ತ ತಗೊ."

"ನಾಳಿ ಬಾ ಅಂದ್ರ ಕೆಮ್ಮು ಕೇಳತೈತೇನೋ?"

ಅಡುಗೆಮನೆಯಿಂದ ಮಂಗಳವ್ವನ ದನಿ ಬಂತು. "ಕೊಡ್ರಿ ಅಕಿಗೆ! ಮದ್ದ ಕೇಳಿದ್ರ ಇಲ್ಲ ಅನ್ನಬಾರದು ಅಂತ ನಮ್ಮವ್ವ ಹೇಳ್ಯಾಳೋ ಇಲ್ಲೋ?"

ಹತ್ತು ಎಲೆ ಹೋದವು. ಅಷ್ಟಕ್ಕೇ ಮುಗಿದಿದ್ದರೆ ಚಿಂತೆ ಇರಲಿಲ್ಲ. ಆದರೆ ಸಿದ್ದವ್ವ ಮನೆ ಸೇರುವ ಮೊದಲು ಗಿಡ ರಾಣೆಬೆನ್ನೂರಿಗೆ ಹೊರಟ ಸುದ್ದಿಯನ್ನು ನಾಲ್ಕು ಜನರಿಗೆ ಹೇಳಿದಳು. ಸುದ್ದಿ ಓಣಿಯ ಆ ತುದಿ ಮುಟ್ಟುವಷ್ಟರಲ್ಲಿ, ಗಿಡವನ್ನು ಸರಕಾರದವರು ಕಾಯಂ ಆಗಿ ಒಯ್ಯುತ್ತಾರೆ ಎಂದಾಗಿತ್ತು. ಅರ್ಧ ತಾಸಿನಲ್ಲಿ ಇಡೀ ಓಣಿ ಬಟ್ಟಲು ಹಿಡಿದು ಮೈಲಾರೆಪ್ಪನ ಹಿತ್ತಲಿಗೆ ಬಂತು. ಒಬ್ಬರಿಗೆ ನೆಗಡಿ, ಒಬ್ಬರಿಗೆ ಅಜೀರ್ಣ. ಇನ್ನೊಬ್ಬರಿಗೆ ಸದ್ಯಕ್ಕೆ ಏನೂ ಇರಲಿಲ್ಲ, ಮುಂದಿನ ವಾರ ಕೆಮ್ಮು ಬರುವ ಲಕ್ಷಣ ಇತ್ತು.

ಎದುರುಮನೆಯ ಅಕ್ಬರಬಿ ಎದೆ ಹಿಡಿದುಕೊಂಡು ಬಂದಳು. "ಬೇಟಾ, ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತಿ. ಇಪ್ಪತ್ತ ಎಲಿ ಕೊಟ್ರ ದುವಾ ಮಾಡತೇನಿ."

ಕೊಟ್ಟ. ಹತ್ತು ನಿಮಿಷದಲ್ಲಿ ಅವಳ ಮನೆಯಿಂದ ಕಡಲೆಹಿಟ್ಟು ಕರಿಯುವ ವಾಸನೆ ಬಂತು. ದಮ್ಮಿಗೆ ಬಜ್ಜಿ ಮಾಡಿಕೊಂಡು ತಿನ್ನಿರೆಂದು ಯಾವ ವೈದ್ಯ ಹೇಳಿದ್ದನೋ ಮೈಲಾರೆಪ್ಪನಿಗೆ ಗೊತ್ತಿರಲಿಲ್ಲ. ಅವಳ ಮಗ ಶಾಬುದ್ದೀನ ಒಂದು ತಾಟಿನಲ್ಲಿ ನಾಲ್ಕು ಬಿಸಿ ಬಜ್ಜಿ ತಂದು, "ಅಮ್ಮ ಕೊಟ್ಟಾಳ್ರಿ" ಎಂದ. ತನ್ನ ಕಪ್ಪನ್ನೇ ಹಿಟ್ಟಿನಲ್ಲಿ ಅದ್ದಿ ಕರಿದಂತೆ ಮೈಲಾರೆಪ್ಪನಿಗೆ ಸಂಕಟವಾಯಿತು. ಸಂಕಟದಲ್ಲೇ ನಾಲ್ಕನ್ನೂ ತಿಂದ. ರುಚಿ ಮಾತ್ರ ಬಹಳ ಚೆನ್ನಾಗಿತ್ತು.

ಒಂಬತ್ತು ಗಂಟೆಗೆ ಎಣಿಸಿದಾಗ ಗಿಡದಲ್ಲಿ ಅರವತ್ಮೂರು ಎಲೆ ಉಳಿದಿದ್ದವು. ಅಡ್ಡಿಯಿಲ್ಲ, ಕಪ್ಪಿಗೆ ಇಷ್ಟು ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಇನ್ನು ಯಾರ ಕಣ್ಣಿಗೂ ಬೀಳದಂತೆ ಡಬ್ಬಿಗೆ ತನ್ನ ಶಾಲು ಸುತ್ತಿ, ಕೂಸಿನಂತೆ ಎತ್ತಿಕೊಂಡು, ಮಂಗಳವ್ವನ ಜೊತೆ ಬಸ್ಸು ಹತ್ತಿದ.

ಕಂಡಕ್ಟರ್ ಜಹಾಂಗೀರನಿಗೆ ಗಂಟಲು ಕಟ್ಟಿತ್ತು. ಅವನು ಶಾಲಿನ ಗಂಟು ನೋಡಿ, "ಕೂಸಿಗೆ ಎಷ್ಟ ವರ್ಷರಿ?" ಎಂದು ಪಿಸುಗುಟ್ಟಿದ.

"ಎರಡು" ಎಂದ ಮೈಲಾರೆಪ್ಪ. ಅದು ಸುಳ್ಳೇನೂ ಆಗಿರಲಿಲ್ಲ.

"ಹಂಗಾರ ಟಿಕೀಟ್ ಇಲ್ಲ. ಮುಖಕ್ಕ ಗಾಳಿ ಬಿಡ್ರಿ, ಪಾಪ."

ಬಸ್ಸಿನ ನಡುವೆ ಯಾರೋ ರೈತರು ಮೆಣಸಿನಕಾಯಿಯ ಒಂದು ದೊಡ್ಡ ಚೀಲ ನಿಲ್ಲಿಸಿದ್ದರು. ಮೋಟೆಬೆನ್ನೂರು ದಾಟಿ ಎರಡು ಮೈಲಿ ಹೋಗಿರಬಹುದು, ಎಮ್ಮೆಯೊಂದು ರಸ್ತೆಗೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ನಿಂತಿದ್ದ ದಪ್ಪನೆಯ ಆಸಾಮಿಯೊಬ್ಬ ಚೀಲದ ಮೇಲೆ ಬಿದ್ದ, ಚೀಲ ಸೀಟಿನ ಕಬ್ಬಿಣಕ್ಕೆ ಸಿಕ್ಕು ಪರ್ರನೆ ಹರಿಯಿತು.

ಮುಂದಿನದನ್ನು ಅನುಭವಿಸಿದವರೇ ಬಲ್ಲರು. ಕಾಯಿ ಕಾಲಡಿ ಸಿಕ್ಕು ಪುಡಿಯಾಯಿತು, ಘಾಟು ಮೇಲೆದ್ದಿತು, ಇಡೀ ಬಸ್ಸು ಒಂದೇ ಎದೆಯಿಂದ ಕೆಮ್ಮತೊಡಗಿತು. ಡ್ರೈವರ್ ಕಣ್ಣೊರೆಸಿಕೊಳ್ಳುತ್ತ ಬಸ್ಸನ್ನು ರಸ್ತೆಯ ಬದಿಗೆ ಹಾಕಿದ. ಎಲ್ಲರೂ ದಬದಬ ಇಳಿದು ಬೇವಿನ ಮರದ ಕೆಳಗೆ ಬಗ್ಗಿ ನಿಂತು ಕೆಮ್ಮಿದರು. ಆ ಗಲಾಟೆಯಲ್ಲಿ ಮೈಲಾರೆಪ್ಪನ ಶಾಲು ಜಾರಿತು, ದೊಡ್ಡಪತ್ರೆಯ ಘಮ ಗಾಳಿಗೆ ಹರಡಿತು. ಕೆಮ್ಮು ಒಂದು ಕ್ಷಣ ನಿಂತು, ಸುಮಾರು ಅರವತ್ತು ಜೋಡಿ ಕೆಂಪು ಕಣ್ಣುಗಳು ಅವನತ್ತ ತಿರುಗಿದವು.

ಒಬ್ಬ ಮುದುಕಿ ಕೈ ಚಾಚಿದಳು. "ಅಪ್ಪಾ, ದೊಡ್ಡಪತ್ರಿ ಅಲ್ಲೇನು ಅದು? ಜೀವ ಹೊಂಟೈತಿ, ಒಂದ ಎಲಿ ಕೊಡೋ."

ಮೈಲಾರೆಪ್ಪ ಹೆಂಡತಿಯ ಮುಖ ನೋಡಿದ. ಮಂಗಳವ್ವ ಬುತ್ತಿಯ ಗಂಟು ಬಿಚ್ಚಿ ಉಪ್ಪಿನ ಪೊಟ್ಟಣವನ್ನು ಆಗಲೇ ಹೊರಗೆ ತೆಗೆದಿದ್ದಳು.

ಆಮೇಲೆ ಅವನು ಸಾಲಾಗಿ ಹಂಚುತ್ತ ಹೋದ, ಉಗುರಿನಿಂದ ಚಿವುಟಿ, ಒಬ್ಬೊಬ್ಬರಿಗೆ ಒಂದೊಂದು ಎಲೆ. ಮೊದಲು ಡ್ರೈವರಿಗೆ. ಮಂಗಳವ್ವ ಹಿಂದಿನಿಂದ ಉಪ್ಪು ಕೊಡುತ್ತ ಬಂದಳು. ಐದು ನಿಮಿಷದಲ್ಲಿ ಬೇವಿನ ಮರದ ಕೆಳಗೆ ಎಲ್ಲರ ಉಸಿರು ಹದಕ್ಕೆ ಬಂತು. ಜಹಾಂಗೀರ ಎಲೆ ಅಗಿದು ನುಂಗಿ, ಗಂಟಲು ಸರಿಮಾಡಿಕೊಂಡು, "ರಾಣೇಬೆನ್ನೂರ! ರಾಣೇಬೆನ್ನೂರ! ಹತ್ರಿ ಲಗೂ ಲಗೂ!" ಎಂದು ಕೂಗಿದ. ಬೇವಿನ ಮರದ ಕಾಗೆಗಳು ಹಾರಿಹೋದವು. ಜನ ಓ ಎಂದು ಕೇಕೆ ಹಾಕಿದರು.

"ನಾಕ ದಿನದಿಂದ ಇಲ್ಲದ ದನಿ ಬಂತ್ರಿ!" ಎಂದ ಜಹಾಂಗೀರ. "ಕೂಸಿಗೆ ಕಿಟಕಿ ಸೀಟ ಬಿಡ್ರೆಪೋ!"

ಕೂಸು ಕಿಟಕಿಯ ಪಕ್ಕ ಕುಳಿತು ರಾಣೆಬೆನ್ನೂರಿಗೆ ಬಂತು. ಇಡೀ ಬಸ್ಸು ಮೈಲಾರೆಪ್ಪನನ್ನು ಹೊಗಳುತ್ತಿತ್ತು. ಅವನಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಗಿಡದಲ್ಲಿ ಉಳಿದಿದ್ದು ಐದೇ ಎಲೆ.

ಪ್ರದರ್ಶನದ ಪೆಂಡಾಲನ್ನು ಒಂದು ಶಾಲೆಯ ಬಯಲಿನಲ್ಲಿ ಹಾಕಿದ್ದರು. ಬಾಗಿಲಲ್ಲಿ ಗುಡದಪ್ಪನೆಂಬ ಗುಮಾಸ್ತ ಮೇಜು ಹಾಕಿಕೊಂಡು ಕುಳಿತಿದ್ದ. ಪ್ರತಿ ಗಿಡಕ್ಕೂ ಒಂದು ರಟ್ಟು, ರಟ್ಟಿನ ಮೇಲೆ ಬೆಳೆದವರ ಹೆಸರು. ಅಕ್ಷರ ದುಂಡಗಿದೆಯೆಂದು ಪೇಟೆಯಲ್ಲೆಲ್ಲ ಹೆಸರಾಗಿದ್ದ ಮೈಲಾರೆಪ್ಪ ತನ್ನ ಹೆಸರನ್ನು ತಾನೇ ಬರೆದು, ಡಬ್ಬಿಯ ಮಣ್ಣಿಗೆ ಚುಚ್ಚಿ, ಮೇಜಿನ ಕಟ್ಟಕಡೆಯ ಮೂಲೆಗೆ ಇಟ್ಟ.

ಪಕ್ಕದಲ್ಲೇ ಲಕ್ಷ್ಮಪ್ಪನ ಲೋಳೆಸರ ಇತ್ತು. ಚೀನಿ ಮಣ್ಣಿನ ಕುಂಡ, ಎಸಳುಗಳು ಮೊಳದುದ್ದ. ಕೊಬ್ಬರಿ ಎಣ್ಣೆ ಸವರಿದ್ದರಿಂದ ಹೊಸ ಚಪ್ಪಲಿಯಂತೆ ಮಿರಿಮಿರಿ ಮಿಂಚುತ್ತಿತ್ತು. ಲಕ್ಷ್ಮಪ್ಪ ಡಬ್ಬಿಯನ್ನು ಸುತ್ತು ಹಾಕಿ ನೋಡಿದ.

"ಅಣ್ಣಾರ, ಕಡ್ಡಿ ಬಂದೈತಿ. ಗಿಡ ಹಿಂದಿನ ಬಸ್ಸಿಗೆ ಬರತೈತೇನ್ರಿ?"

ಸುತ್ತಲಿದ್ದವರು ನಕ್ಕರು. ಮೈಲಾರೆಪ್ಪ ನೆಲ ನೋಡಿದ. ಬೆಳಗಿನಿಂದ ಮಾಡಿದ ಪುಣ್ಯವೆಲ್ಲ ಆ ಒಂದು ಮಾತಿಗೆ ಕರಗಿಹೋಯಿತು. ಇನ್ನು ಕಪಾಟಿಗೆ ಹೊಸ ಕಪ್ಪೊಂದು ಬರುತ್ತದೆ, ಇನ್ನೂ ಹತ್ತು ವರ್ಷ ಛಲೋ ಐತಿ ಎನ್ನುವುದೇ ತನ್ನ ಹಣೆಬರಹ ಎಂದುಕೊಂಡ.

ಆದರೆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಲಕ್ಷ್ಮಪ್ಪ ಕುತ್ತಿಗೆ ಕೆರೆದುಕೊಂಡ. ಆಮೇಲೆ ತೋಳು. ಆಮೇಲೆ ಕೈ ಮುಟ್ಟದ ಜಾಗಕ್ಕೆಂದು ಪೆಂಡಾಲಿನ ಕಂಬಕ್ಕೆ ಬೆನ್ನು ಹಚ್ಚಿ ತಿಕ್ಕತೊಡಗಿದ. ಕಂಬ ಅಲ್ಲಾಡಿತು. ಮೈಮೇಲೆ ರೂಪಾಯಿ ಅಗಲದ ಕೆಂಪು ದದ್ದುಗಳು ಎದ್ದಿದ್ದವು.

ಗುತ್ತೆವ್ವ ಓಡಿ ಬಂದಳು. "ಪ್ರದರ್ಶನ ಬಂದ್ರ ಸಾಕ್ರಿ ಭಾವಾರ, ಇವರಿಗೆ ಪಿತ್ತದ ಗಂಧಿ ಏಳ್ತಾವ. ಆ ಲೋಳೆಸರದ್ದ ಒಂದ ಎಸಳ ಮುರದ ಹಚ್ಚತೇನಿ ಅಂದ್ರ ಹತ್ರ ಬರಗೊಡವಲ್ರು!"

"ಹುಚ್ಚಿ ಅದೀಯೇನ?" ಎಂದ ಲಕ್ಷ್ಮಪ್ಪ ಕೆರೆದುಕೊಳ್ಳುತ್ತಲೇ. "ನಾಕಕ್ಕ ಬಹುಮಾನ ಹೇಳೋ ಡಾಕ್ಟರು ಬರ್ತಾರ. ಒಂದ ಎಸಳ ಕಡಿಮಿ ಆದ್ರ ನಂಬರ ಹೋತು!" ಆಮೇಲೆ ಅವನ ಕಣ್ಣು ಡಬ್ಬಿಯ ಕಡೆ ಹೊರಳಿತು. ದನಿ ಇಳಿಯಿತು. "ಅಣ್ಣಾರ... ನಿಮ್ಮ ಗಿಡದಾಗ ಐದ ಎಲಿ ಅದಾವಲ್ರಿ..."

ಮೈಲಾರೆಪ್ಪ ಕಿವಿಯ ಹಿಂದೆ ಕೈ ಇಟ್ಟ. "ಏನಂದಿ ತಮ್ಮಾ? ಗದ್ಲದಾಗ ಕೇಳಸಲಿಲ್ಲ."

"ಎಲಿ ಕೊಡ್ರಿ ಅಂದೆ."

"ಜೋರಾಗಿ ಹೇಳಪಾ."

"ಮದ್ದಿಗೆ ಎಲಿ ಕೊಡ್ರೀ, ನಿಮ್ಮ ಕಾಲ ಬೀಳತೇನಿ!" ಎಂದು ಲಕ್ಷ್ಮಪ್ಪ ಕಿರುಚಿದ. ಪೆಂಡಾಲಿಗೆ ಪೆಂಡಾಲೇ ತಿರುಗಿ ನೋಡಿತು.

ಮೈಲಾರೆಪ್ಪನ ಸಂತೋಷಕ್ಕೆ ಪಾರವೇ ಇರಲಿಲ್ಲ. ಐದು ಎಲೆಯನ್ನೂ ಕಿತ್ತ. ಪೆಂಡಾಲಿನ ಹಿಂದೆ ಲಕ್ಷ್ಮಪ್ಪನ ಅಂಗಿ ಬಿಚ್ಚಿಸಿ, ಅವನನ್ನು ಬಗ್ಗಿಸಿ, ಎಲೆಗಳನ್ನು ಅಂಗೈಯಲ್ಲಿ ಹೊಸಕಿ ಬೆನ್ನಿಗೆ ತಿಕ್ಕಿದ. ಗುಲಾಬಿಯ ಕಪ್ಪಿಗೆ ಒಂದು ತಿಕ್ಕು, ಬದನೆಕಾಯಿಯ ಕಪ್ಪಿಗೆ ಒಂದು ತಿಕ್ಕು. ಡೇರೆ ಹೂವಿಗೆ ಎರಡು. ದದ್ದುಗಳು ಇಳಿದವು. "ಹಾಯ್ ಅನಸ್ತ್ರಿ ಅಣ್ಣಾರ" ಎಂದು ಲಕ್ಷ್ಮಪ್ಪ ನರಳಿದಾಗ ಮೈಲಾರೆಪ್ಪನಿಗೆ ಯಾವ ಕಪ್ಪೂ ಬೇಡವೆನಿಸಿತು.

ಆಗ ಗುತ್ತೆವ್ವ ಇನ್ನೊಂದು ಮಾತು ಕೇಳಿದಳು. "ಭಾವಾರ, ಆ ಡಬ್ಬಿ ನಮಗ ಕೊಟ್ಟಬಿಡ್ರಿ. ಮನ್ಯಾಗ ಚಿಗತ್ರ ಇವರ ಗಂಧಿಗೆ ಮದ್ದಾಗತೈತಿ. ನೀವು ಕರ್ಜಗಿಯಿಂದ ಇನ್ನೊಂದ ಕಡ್ಡಿ ತರಸ್ಕೊಳ್ರಿ."

ಇಲ್ಲ ಎನ್ನುವಂತಿರಲಿಲ್ಲ, ಎನ್ನುವ ಮನಸ್ಸೂ ಇರಲಿಲ್ಲ. ಆದರೆ ಗುಡದಪ್ಪ ಅಡ್ಡ ಬಂದ. "ಬಹುಮಾನ ಆಗೂತನಕ ಯಾವ ಗಿಡಾನೂ ಹೊರಗ ಒಯ್ಯಂಗಿಲ್ರಿ. ಸಂಜೀಕ ರಟ್ಟಿನ್ಯಾಗ ಯಾರ ಹೆಸರ ಐತಿ ಅವರಿಗೇ ಬಿಡೋದು."

"ಅಷ್ಟ ಹೌದಲ್ಲೋ?" ಎಂದು ಮೈಲಾರೆಪ್ಪ ಹೊಸ ರಟ್ಟು ಕೇಳಿ ಪಡೆದ. ತನ್ನ ದುಂಡನೆಯ ಅಕ್ಷರಗಳಲ್ಲಿ, ಈವರೆಗೆ ಯಾವ ಸಾಹುಕಾರನ ಹೆಸರನ್ನೂ ಬರೆಯದಷ್ಟು ಚಂದಗೆ, 'ಶ್ರೀ ಲಕ್ಷ್ಮಪ್ಪನವರು, ರಾಣೆಬೆನ್ನೂರು' ಎಂದು ಬರೆದ. ತನ್ನ ರಟ್ಟು ಕಿತ್ತು ಅದನ್ನು ಚುಚ್ಚಿದ. ಆಮೇಲೆ ನಾಲ್ಕು ಜನರಿಗೆ ಕೇಳುವಂತೆ ಹೇಳಿದ.

"ತಗೊ ತಮ್ಮಾ. ನಿನ್ನ ಮನ್ಯಾಗ ಕಪ್ಪಿಗೇನ ಕಡಿಮಿ ಇಲ್ಲ, ಮದ್ದು ಇರಲಿಲ್ಲ. ಅದನ್ನ ನಾ ಕೊಟ್ಟೇನಿ. ಎಂಟ ದಿನದಾಗ ಚಿಗರತೈತಿ, ಅಕ್ಕಿ ತೊಳದ ನೀರ ಹಾಕು."

ಜನ ಭಲೇ ಎಂದರು. ಲಕ್ಷ್ಮಪ್ಪ ಕೈ ಮುಗಿದ. ಹತ್ತು ವರ್ಷದಲ್ಲಿ ಮೊದಲ ಸಲ ಮೈಲಾರೆಪ್ಪ ಎದೆಯೆತ್ತಿ ನಡೆದು, ಹೊರಗಿನ ಅಂಗಡಿಯಲ್ಲಿ ಮಂಗಳವ್ವನಿಗೂ ತನಗೂ ಚಹಾ ಹೇಳಿದ.

ಚಹಾ ಅರ್ಧ ಆಗಿತ್ತು, ಮೈಕು ಗರಗರ ಎಂದಿತು. ಹಾವೇರಿಯಿಂದ ಬಂದ ಆಯುರ್ವೇದದ ಹಿರಿಯ ಡಾಕ್ಟರು ಔಷಧಿ ಗಿಡಗಳ ಮುಂದೆ ನಿಂತಿದ್ದರು. ಅವರ ಮಾತು ಬಯಲಿಗೆಲ್ಲ ಕೇಳುತ್ತಿತ್ತು.

"ಇಪ್ಪತ್ತ ಗಿಡ ನೋಡಿದೆ. ಎಲ್ಲಾ ಥಳಥಳ ಅಂತಾವ. ಎಣ್ಣಿ ಹಚ್ಚ್ಯಾರ, ಬಣ್ಣ ಹಚ್ಚ್ಯಾರ. ಒಂದರಾಗೂ ಒಂದ ಎಲಿ ಕಿತ್ತ ಗುರುತಿಲ್ಲ. ಮಂದಿಗೆ ಉಪಯೋಗ ಬೀಳದ್ದಕ್ಕ ಔಷಧಿ ಗಿಡ ಅಂತ ಹೆಂಗ ಅನ್ನೋದು? ಮೂಲ್ಯಾಗ ಒಂದ ದೊಡ್ಡಪತ್ರಿ ಐತಿ, ಅದನ್ನ ನೋಡ್ರಿ. 'ಕೊಟ್ಟೇನಿ, ಕೊಟ್ಟೇನಿ' ಅಂತ ಬೋಳಾಗಿ ನಿಂತೈತಿ. ಎಲ್ಲಾ ಇವತ್ತ ಕಿತ್ತದ್ದು, ಕಡ್ಡಿಗೆ ನೋವಾಗದಂಗ ಉಗುರಲೆ ಚಿವುಟಿದ್ದು. ಇದನ್ನ ಬೆಳೆದವನು ದೊಡ್ಡ ಮನಸ್ಸಿನ ಮನಶ್ಯಾ. ಮೊದಲನೇ ಕಪ್ಪು ಇದಕ್ಕ!"

ಮೈಲಾರೆಪ್ಪನ ಕೈಯಲ್ಲಿದ್ದ ಗ್ಲಾಸು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಮಂಗಳವ್ವನ ಕೈ ಹಿಡಿದು ಪೆಂಡಾಲಿಗೆ ಓಡಿದ. ಕಣ್ಣಲ್ಲಿ ನೀರು ಬಂದಿತ್ತು. ವೇದಿಕೆಯ ಮೊದಲ ಮೆಟ್ಟಿಲ ಮೇಲೆ ಕಾಲೂ ಇಟ್ಟ.

"ಹೆಸರು ಎಷ್ಟ ಚಂದ ಬರದಾರ ನೋಡ್ರಿ" ಎಂದು ಡಾಕ್ಟರು ರಟ್ಟನ್ನು ಕಣ್ಣಿನ ಹತ್ತಿರ ಹಿಡಿದರು. "ಶ್ರೀ ಲಕ್ಷ್ಮಪ್ಪನವರು, ರಾಣೆಬೆನ್ನೂರು!"

ಮೆಟ್ಟಿಲ ಮೇಲಿನ ಕಾಲು ಅಲ್ಲೇ ನಿಂತಿತು. ಮೈಲಾರೆಪ್ಪ ಬಾಯಿ ತೆರೆದ. ಮಂಗಳವ್ವ ಅವನ ಅಂಗಿ ಹಿಡಿದು ಎಳೆದಳು.

"ಸುಮ್ನಿರ್ರಿ! ಕೊಟ್ಟದ್ದು ಕೊಟ್ಟಂಗ. ಮರಳಿ ಕೇಳಬಾರದು."

"ಅಲ್ಲಬೇ, ಕಡ್ಡಿ ಕೊಟ್ಟೆ ನಾ, ಕಪ್ಪ ಕೊಟ್ಟಿಲ್ಲ!"

"ಕಡ್ಡಿಗೇ ಬಂದೈತಲ್ಲ ಕಪ್ಪು" ಎಂದಳು ಮಂಗಳವ್ವ. ಹಿಡಿದ ಅಂಗಿಯನ್ನು ಅವಳು ಬಿಡಲಿಲ್ಲ.

ಲಕ್ಷ್ಮಪ್ಪ ವೇದಿಕೆ ಹತ್ತಿದ. ಪಾಪ, ಅವನಿಗೂ ನಾಚಿಕೆಯಾಗಿತ್ತು. ಮೈಕಿನ ಮುಂದೆ ನಿಂತು, "ಇದು ನಂದಲ್ರಿ, ಅಂದ್ರ... ಹಂಗೇನಿಲ್ರಿ... ಎಲ್ಲಾ ನಮ್ಮ ಅಣ್ಣಾರ ಆಶೀರ್ವಾದ" ಎಂದ. ಜನರಿಗೆ ಅವನ ವಿನಯ ಬಹಳ ಹಿಡಿಸಿತು. ಎರಡನೆಯ ಬಹುಮಾನವನ್ನು ಲೋಳೆಸರಕ್ಕೆ ಕೊಟ್ಟರು. ಎಣ್ಣೆ ಹಚ್ಚಿದ್ದರೂ ಬೆಳೆಸಿದ ಕೈ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದರು. ಚಪ್ಪಾಳೆಯಿಂದ ಪೆಂಡಾಲು ಹಾರಿಹೋಗುವಂತಾಯಿತು.

ಕೆಳಗಿಳಿದ ಲಕ್ಷ್ಮಪ್ಪ ನೇರವಾಗಿ ಮೈಲಾರೆಪ್ಪನ ಹತ್ತಿರ ಬಂದ. ಏನೋ ಹೇಳಬೇಕೆಂದು ಬಾಯಿ ತೆರೆದವನ ಮುಖ ಕಿವುಚಿಕೊಂಡಿತು. ಸಂತೋಷ ಹೆಚ್ಚಾಗಿ ಗಂಧೆಗಳು ಮತ್ತೆ ಎದ್ದಿದ್ದವು. "ಒಂದೀಟ ಹಿಡಕೊಳ್ರಿ ಅಣ್ಣಾರ" ಎಂದು ಕಪ್ಪನ್ನು ಮೈಲಾರೆಪ್ಪನ ಕೈಗೆ ತುರುಕಿ, ಎರಡೂ ಕೈಯಿಂದ ಬೆನ್ನು ಕೆರೆದುಕೊಳ್ಳುತ್ತ ಕಂಬದ ಕಡೆ ಓಡಿದ.

ಕಪ್ಪು ತೂಕವಾಗಿತ್ತು, ತಣ್ಣಗಿತ್ತು. ಮೈಲಾರೆಪ್ಪ ಅದನ್ನು ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡ. ಅಷ್ಟರಲ್ಲಿ ಪೇಪರಿನವರ ಫೋಟೋಗ್ರಾಫರ್ ಜನರನ್ನು ಸರಿಸುತ್ತ ಬಂದು, ಕಪ್ಪು ಹಿಡಿದವನನ್ನು ನೋಡಿ ಅವನ ಮುಂದೆ ಮಂಡಿಯೂರಿದ.

"ಇತ್ತಾಗ ನೋಡ್ರಿ ಸಾಹೇಬ್ರ. ಕಪ್ಪು ಇನ್ನೊಂದೀಟ ಮ್ಯಾಲ. ನಗ್ರಿ, ಗೆದ್ದವರು ಹಂಗ ಮಾರಿ ಮಾಡಬಾರದು!"

ಮೈಲಾರೆಪ್ಪ ಕಪ್ಪನ್ನು ತಲೆಯ ಮಟ್ಟಕ್ಕೆ ಎತ್ತಿ, ಹಲ್ಲುಗಳೆಲ್ಲ ಕಾಣುವಂತೆ ನಕ್ಕ. ಬಲ್ಬು ಫಳ್ಳೆಂದಿತು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಕಂಬಕ್ಕೆ ಬೆನ್ನು ತಿಕ್ಕುತ್ತಿದ್ದ ಲಕ್ಷ್ಮಪ್ಪನೂ, ಕೈ ಬಿಡುವಾದಾಗ, ಎರಡು ಸಲ ತಟ್ಟಿದ.

ಫೋಟೋಗ್ರಾಫರ್ ಚೀಟಿ, ಪೆನ್ನು ತೆಗೆದ. "ನಾಳಿ ಪೇಪರಿಗೆ ಬರತೈತ್ರಿ. ಹೆಸರೇನ್ ಹಾಕ್ಲಿ?"

ಮೈಲಾರೆಪ್ಪ ಹೆಂಡತಿಯ ಕಡೆ ನೋಡಿದ. ಅವಳು ಮುಖ ಆ ಕಡೆ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಲಕ್ಷ್ಮಪ್ಪ ಅಂತ ಬರಕೊಳ್ರಿ" ಎಂದ ಮೈಲಾರೆಪ್ಪ ಗಟ್ಟಿಯಾಗಿ, ಎತ್ತಿದ ಕಪ್ಪನ್ನು ಇಳಿಸದೆ ಕಂಬದ ಕಡೆ ನೋಡುತ್ತ. "ಇನ್ನೊಂದ ಫೋಟೋ ಹೊಡೀರಿ. ಅವನ ಕೆರತ ಇನ್ನೂ ಮುಗದಿಲ್ಲ."